ಸ್ಕೂಟಿ ನಂದಕ್ಕ ಮತ್ತು ಹನ್ನೊಂದನೆಯ ಜಾಗ

ವಿಜಯಪುರದ ಅಥಣಿ ರಸ್ತೆಯ ಆ ಖಾಲಿ ಲೇಔಟಿನಲ್ಲಿ ಮುಂಜಾನೆ ಮೊದಲು ಏಳುವುದು ನಂದಕ್ಕನ ಸಿಟ್ಟು. ಸೂರ್ಯ ಆಮೇಲೆ. ಪ್ಲಾಟುಗಳೆಲ್ಲ ಮಾರಿಹೋಗಿ, ಒಂದೂ ಮನೆ ಏಳದೆ, ಡಾಂಬರು ಹಾದಿಗಳು ಮಾತ್ರ ಚೌಕ ಚೌಕವಾಗಿ ಮಲಗಿರುವ ಬಯಲು ಅದು. ಅಲ್ಲಿ ಐದು ಹಳೆಯ ಸ್ಕೂಟಿಗಳ ಮೇಲೆ ಹತ್ತು ಹೆಂಗಸರು ಪಾಳಿಯ ಮೇಲೆ ನಡುಗುತ್ತ ಹತ್ತುತ್ತಾರೆ, ನಡುಗುತ್ತ ಇಳಿಯುತ್ತಾರೆ. ಆರನೆಯ ಗಾಡಿಯ ಮೇಲೆ ನಂದಕ್ಕ ಅವರ ಪಕ್ಕದಲ್ಲೇ ಸಾಗುತ್ತ ಬೈಯುತ್ತಾಳೆ.

"ಎರಡೂ ಕಾಲು ನೆಲಕ್ಕ ಎಳಕೋತ ಹೊಂಟೀಯಲ್ಲಬೇ, ಗಾಡಿ ಹೊಡಿತೀಯೋ ಹೊಲಾ ಹರಗತೀಯೋ?"

"ಗಾಲಿ ನೋಡಬ್ಯಾಡ, ಹಾದಿ ನೋಡ! ಗಾಲಿ ಎಲ್ಲಿ ಓಡಿ ಹೋಗಂಗಿಲ್ಲ!"

"ಅದು ಬ್ರೇಕಬೇ, ನಿನ್ನ ಗಂಡನ ಕುತ್ತಿಗಿ ಅಲ್ಲ. ಮೆತ್ತಗ ಹಿಡಿ!"

ಯಾರೂ ಮುನಿಸಿಕೊಳ್ಳುವುದಿಲ್ಲ. ಎರಡು ದಿನ ಕಳೆಯುವಷ್ಟರಲ್ಲಿ ಎಲ್ಲರಿಗೂ ಒಂದು ಮಾತು ತಿಳಿದಿರುತ್ತದೆ: ಕಿವಿಗೆ ಬೈಗುಳ ಬೀಳುತ್ತಿರುವಷ್ಟು ಹೊತ್ತು ನಂದಕ್ಕ ಪಕ್ಕದಲ್ಲಿದ್ದಾಳೆ, ಬೀಳಲು ಬಿಡುವುದಿಲ್ಲ.

ಅವಳು ಈ ವಿದ್ಯೆಯನ್ನು ಕಲಿತದ್ದೇ ಸಿಟ್ಟಿನಿಂದ. ಬಬಲೇಶ್ವರದಿಂದ ಮದುವೆಯಾಗಿ ಬಂದ ಹೊಸದರಲ್ಲಿ ಪೇಟೆಯ ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಗಂಡ ಸಿದ್ದಲಿಂಗೇಶ ಮುಂಜಾನೆ ಗಾಡಿಯ ಮೇಲೆ ಬಿಡುತ್ತಿದ್ದ, ಸಂಜೆ ಕರೆದುಕೊಂಡು ಹೋಗುತ್ತಿದ್ದ. ಒಳ್ಳೆಯ ಮನುಷ್ಯ, ಮರೆವಿನ ಮನುಷ್ಯ. ಒಂದು ಸಂಜೆ ಗೆಳೆಯರ ಜೊತೆ ಕ್ರಿಕೆಟ್ ನೋಡುತ್ತ ಹೆಂಡತಿಯನ್ನೇ ಮರೆತುಬಿಟ್ಟ. ಅಂಗಡಿಯ ಶಟರ್ ಇಳಿಯಿತು, ದೀಪ ಆರಿತು. ನಂದಾ ಮೆಟ್ಟಿಲ ಮೇಲೆ ನಿಂತಳು. ಹಾದು ಹೋಗುವವರು ಒಬ್ಬೊಬ್ಬರಾಗಿ ಕೇಳಿದರು, "ಯಾರಿಗೆ ಕಾಯಾಕತ್ತೀಬೇ?" ಕರುಣೆಯಿಂದಲೇ ಕೇಳಿದರು. ಆ ಕರುಣೆ ಅವಳಿಗೆ ಕೆಂಡದಂತೆ ತಾಗಿತು. ಗಂಡ ಬಂದು "ಮರತಬಿಟ್ಟಿದ್ದೆ, ಹತ್ತು" ಎಂದಾಗ ಅವಳು ಹತ್ತಲಿಲ್ಲ. ಮನೆಯವರೆಗೂ ಅವಳು ಮುಂದೆ ನಡೆದಳು, ಅವನು ಹಿಂದೆ ಗಾಡಿ ಉರುಳಿಸುತ್ತ ಬಂದ. ಆ ವಾರವೇ ಕೀಲಿ ಕಿತ್ತುಕೊಂಡು ಈ ಬಯಲಿಗೆ ಬಂದು, ಬಿದ್ದು, ಮೊಣಕಾಲು ಒಡೆದುಕೊಂಡು, ಎದ್ದು ಕಲಿತಳು. ಸಿಟ್ಟು ಗಂಡನ ಮೇಲಿರಲಿಲ್ಲ. ಆ ಮೆಟ್ಟಿಲ ಮೇಲಿತ್ತು. ಹೆಂಗಸರನ್ನು ನಿಲ್ಲಿಸಿಕೊಂಡು ಕಾಯಿಸುವ ಊರಿನ ಎಲ್ಲ ಮೆಟ್ಟಿಲುಗಳ ಮೇಲಿತ್ತು.

ಅಂಗಡಿಯ ಗೆಳತಿಯರು "ನಮಗೂ ಕಲಸ" ಎಂದರು. ಒಂದು ಗಾಡಿ ಐದಾಯಿತು, ಅವಳದೊಂದು ಬೇರೆ. ಒಂದು ಗಾಡಿಗೆ ಇಬ್ಬರು: ಒಬ್ಬಳು ಓಡಿಸುವಾಗ ಇನ್ನೊಬ್ಬಳು ನೋಡಿ ಕಲಿಯಬೇಕು. ಹನ್ನೊಂದನೆಯವಳನ್ನು ಅವಳು ಯಾವತ್ತೂ ಸೇರಿಸಿಕೊಂಡಿರಲಿಲ್ಲ. "ಮೂರನೇದಾಕಿ ಬಂದ್ರ ಆಕಿ ಗಾಡಿ ಕಲಿಯಂಗಿಲ್ಲ, ಕಾಯೋದ ಕಲೀತಾಳ" ಎನ್ನುತ್ತಿದ್ದಳು.

ಬುಕಿಂಗ್ ಸಾಫ್ಟ್‌ವೇರು ಅವಳ ಬದುಕಿಗೆ ಬಂದದ್ದು ಮಗಳು ನೇತ್ರಾಳಿಂದ. ಅಲ್ಲಿಯವರೆಗೆ ಎಲ್ಲ ನಡೆಯುತ್ತಿದ್ದುದು ಫೋನಿನಲ್ಲಿ. ಒಲೆಯ ಮುಂದೆ ಫೋನು, ಸ್ನಾನದ ಮನೆಯ ಬಾಗಿಲಲ್ಲಿ ಫೋನು. ಡಿಗ್ರಿ ಓದುತ್ತಿದ್ದ ನೇತ್ರಾ ಬೇಸತ್ತು ಹೇಳಿದಳು, "ಅವ್ವಾ, ಆನ್‌ಲೈನ್ ಬುಕಿಂಗ್ ಮಾಡೋಣು. ಅವರ ಹೆಸರು ಹಚ್ಚತಾರ, ಮಷಿನ್ ಜಾಗಾ ಕೊಡತೈತಿ, ಹಿಂದಿನ ದಿನ ಅದ ನೆನಪು ಮಾಡತೈತಿ. ನೀ ಬರೇ ಬೈಯಾಕ ಹೋದ್ರ ಆತು."

ಸಾಫ್ಟ್‌ವೇರು ಕೇಳಿದ ಮೊದಲ ಪ್ರಶ್ನೆ, ನಿಮ್ಮದು ಗ್ರೂಪ್ ಕ್ಲಾಸೋ ಕೋರ್ಸೋ ಎಂದು. ಹತ್ತು ಮಂದಿ ಎಂದ ಮೇಲೆ ಗ್ರೂಪೇ ಅಲ್ಲವೇ? ನಂದಕ್ಕ ಗ್ರೂಪ್ ಕ್ಲಾಸ್ ಒತ್ತಿಸಿದಳು. ಅದರ ಅರ್ಥ ಗೊತ್ತಾದದ್ದು ಆಮೇಲೆ. ಗ್ರೂಪ್ ಕ್ಲಾಸಿನಲ್ಲಿ ಒಂದೊಂದು ದಿನವೂ ತಾನೇ ಒಂದು ಪಾಠ; ಬೇಕಾದವರು ಬೇಕಾದ ದಿನವನ್ನು ಹಿಡಿಯಬಹುದು. ಕೋರ್ಸು ಹಾಗಲ್ಲ, ಸರಪಳಿ. ಒಮ್ಮೆ ಹೆಸರು ಹಚ್ಚಿದರೆ ಮೊದಲ ದಿನದಿಂದ ಕಡೆಯ ದಿನದವರೆಗೆ ಎಲ್ಲವೂ ಅವರದೇ, ಸಾಲಾಗಿ.

ಹೀಗಾಗಿ ಜಲನಗರದ ರೇಣುಕವ್ವ ಹಿಂದಿನ ಒಂದು ಪಾಠಕ್ಕೂ ಬರದೆ ನೇರ ಕಡೆಯ ದಿನವನ್ನೇ ಬುಕ್ ಮಾಡಿಕೊಂಡು ಬಂದಳು. ಆ ದಿನದ ಹೆಸರು 'ದೊಡ್ಡ ರಸ್ತೆ'. ಅವತ್ತು ಬಂದ ಹತ್ತೂ ಮಂದಿ ಕಲಿತವರೇ ಎಂದುಕೊಂಡು ನಂದಕ್ಕ ಕೀಲಿ ಕೊಟ್ಟಳು. ರೇಣುಕವ್ವ ಆಕ್ಸಿಲರೇಟರ್ ತಿರುವಿದಳು. ಗಾಡಿ ಹಾರಿ ಹೋಗಿ ಹಾದಿ ಬದಿಯ ಜಲ್ಲಿಕಲ್ಲಿನ ರಾಶಿಯನ್ನು ಹತ್ತಿ ನಿಂತಿತು. ಗಾಡಿ ಒಂದು ಕಡೆ, ಅವಳು ಒಂದು ಕಡೆ, ಚಪ್ಪಲಿ ಇನ್ನೊಂದು ಕಡೆ.

"ಗಾಡಿ ಮುಟ್ಟೇ ಇಲ್ಲಂದ್ರ ದೊಡ್ಡ ರಸ್ತಿ ಯಾಕ ಬುಕ್ ಮಾಡಿದಿಬೇ?"

ರೇಣುಕವ್ವ ಊದುತ್ತಿದ್ದ ಕಾಲು ಹಿಡಿದುಕೊಂಡೇ ಉತ್ತರಿಸಿದಳು, "ನನಗ ಬೇಕಾಗಿದ್ದ ದೊಡ್ಡ ರಸ್ತಿನ ಅಲ್ರಿ? ಸಣ್ಣ ರಸ್ತ್ಯಾಗ ನಾ ನಡಕೊಂಡ ಹೋಗತೀನಿ."

ಅವತ್ತು ಮಧ್ಯಾಹ್ನ ಮನೆಗೆ ಬಂದ ನಂದಕ್ಕ ತಲೆಯ ಮೇಲಿನ ಸೆರಗನ್ನೂ ಇಳಿಸದೆ ಮಗಳ ಮುಂದೆ ಕುಳಿತಳು. "ತಗಿ ಅದನ್ನ. ಕೋರ್ಸ್ ಮಾಡು. ಒಂದನೇ ದಿನದಿಂದ ಬಂದಾಕಿಗೆ ಅಷ್ಟ ಎರಡನೇ ದಿನ."

ನೇತ್ರಾ ಒಂದೊಂದೇ ಪ್ರಶ್ನೆ ಓದುತ್ತ ಹೋದಳು. "ಒಬ್ಬರು ರದ್ದ ಮಾಡಿದ್ರ ಅದೊಂದ ದಿನದ್ದ ರದ್ದಾಗಬೇಕೋ, ಇಡೀ ಕೋರ್ಸೋ?"

"ಇಡೀ ಕೋರ್ಸ! ಹೇಳದ ಕೇಳದ ಎರಡೆರಡ ದಿನ ಮಾಯ ಆಕ್ಕಾರ, ಆಮ್ಯಾಲ ಬಂದು ಬ್ರೇಕ್ ಎಲ್ಲೈತಿ ಅಂತಾರ. ಬರೋದಾದ್ರ ಬರಬೇಕು, ಇಲ್ಲಂದ್ರ ಇಲ್ಲ."

"ಕಾಯೋ ಪಟ್ಟಿ ಒಳಗಿದ್ದವರಿಗೆ ಆ ಜಾಗಾ ತಾನ ಹೋಗಲೇನ?"

"ಹೋಗಲಿ. ಆ ಕ್ಷಣಕ್ಕ ಹೋಗಲಿ."

"ಅವ್ವಾ, ಸ್ವಲ್ಪ ತಣ್ಣಗಾದ ಮ್ಯಾಲ ಮಾಡೋಣೇನು?"

"ನಾ ತಣ್ಣಗಿದ್ದಾಗ ಈ ಮನ್ಯಾಗ ಯಾವ ಕೆಲಸ ಆಗೇತಿ? ಒತ್ತು."

ನೆನಪಿನ ಸಂದೇಶವನ್ನು ನಂದಕ್ಕ ತಾನೇ ಹೇಳಿ ಬರೆಸಿದಳು. 'ನಾಳೆ ಮುಂಜಾನೆ ನಿಮ್ಮ ಸ್ಕೂಟಿ ಕ್ಲಾಸ್ ಇದೆ. ಬರಲು ಆಗದಿದ್ದರೆ ಇಲ್ಲಿ ಒತ್ತಿ.' ಎರಡೇ ಸಾಲು. ಓದಿಸಿ ಕೇಳಿ, ತನ್ನ ಮಾತು ಇಷ್ಟು ಚಿಕ್ಕದಾಗಿಯೂ ಇರಬಹುದೇ ಎಂದು ಅವಳಿಗೇ ಹೆಮ್ಮೆಯಾಯಿತು.

ಹೊಸ ಕೋರ್ಸಿನ ಮೊದಲ ಬ್ಯಾಚಿಗೆ ಬಂದವಳು ಬಿಜ್ಜರಗಿಯ ಸಪ್ನಾ. ಲ್ಯಾಬ್ ಕೆಲಸದ ಡಿಪ್ಲೊಮಾ ಮುಗಿಸಿದ ಹುಡುಗಿ. ಮಾತು ಕಡಿಮೆ, ಕಣ್ಣು ಚುರುಕು. ನಗರದ ಒಂದು ರಕ್ತ ಪರೀಕ್ಷೆಯ ಲ್ಯಾಬಿನವರು ಅವಳನ್ನು ಆರಿಸಿಕೊಂಡಿದ್ದರು. ತಿಕೋಟಾ ಸುತ್ತಲಿನ ಹಳ್ಳಿಗಳಿಗೆ ಹೋಗಿ ಮನೆ ಮನೆಯಲ್ಲಿ ರಕ್ತದ ಮಾದರಿ ತರುವ ಕೆಲಸ. ಗಾಡಿ ಅವರೇ ಕೊಡುತ್ತಾರೆ. ಆದರೆ ಮುಂದಿನ ತಿಂಗಳ ಮೊದಲ ತಾರೀಖು ಅವರ ಮುಂದೆ ಓಡಿಸಿ ತೋರಿಸಬೇಕು. ತೋರಿಸದಿದ್ದರೆ ಕೆಲಸ ಮುಂದಿನವರಿಗೆ. ಎರಡು ವಾರದ ಈ ಬ್ಯಾಚು ಆ ತಾರೀಖಿಗೆ ಸ್ವಲ್ಪ ಮೊದಲು ಮುಗಿಯುತ್ತಿತ್ತು. ಇದು ತಪ್ಪಿದರೆ ಮುಂದಿನ ಬ್ಯಾಚಿನ ಹೊತ್ತಿಗೆ ಕೆಲಸವಿರುವುದಿಲ್ಲ. ಸಪ್ನಾಳದು ಬಟನ್ ಫೋನು. ಮನೆಯಲ್ಲಿ ದೊಡ್ಡ ಫೋನು ಇದ್ದುದು ಅಣ್ಣ ರಾಜಾರಾಮನ ಹತ್ತಿರ. ಬುಕಿಂಗಿಗೆ ಆ ನಂಬರನ್ನೇ ಕೊಟ್ಟಿದ್ದಳು.

ಮೂರು ದಿನ ಮೊದಲ ಬಸ್ಸಿಗೆ ಬಂದಳು. ನಾಲ್ಕನೆಯ ದಿನ ಬರಲಿಲ್ಲ. ಅವಳ ಗಾಡಿಯ ಪಕ್ಕದಲ್ಲಿ ಇಳಕಲ್ ಸೀರೆಯನ್ನು ಬಿಗಿಯಾಗಿ ಕಟ್ಟಿ, ಬಿಳಿಯ ಬೂಟು ಹಾಕಿಕೊಂಡು, ತಲೆ ನರೆತ ಹೆಂಗಸೊಬ್ಬಳು ನಿಂತಿದ್ದಳು.

"ಯಾರ್ರಿ ನೀವು?"

"ನಾ ಗುರುಸಿದ್ದವ್ವ, ತಿಕೋಟಾದಾಕಿ. ನಿನ್ನ ಮಷಿನ್ ಕರದೈತಿ, ಬಂದೇನಿ." ಫೋನು ಮುಂದೆ ಹಿಡಿದಳು. 'ನಿಮಗೆ ಜಾಗ ಸಿಕ್ಕಿದೆ' ಎಂದಿತ್ತು. "ಈ ಮೆಸೇಜ ಬಂದ ಕೂಡಲೆ ದೇವರ ಮುಂದ ಇಟ್ಟು ಕುಂಕುಮ ಹಚ್ಚೇನಿ ನೋಡು." ಫೋನಿನ ಗಾಜಿನ ಮೇಲೆ ನಿಜವಾಗಿಯೂ ಕೆಂಪು ಕಲೆಯಿತ್ತು.

"ಮೊದಲ ಮೂರು ದಿನದ ಪಾಠ ಹೋಗೇತಲ್ರಿ?"

"ಮೊಮ್ಮಗನ ಸೈಕಲ್ ಮ್ಯಾಲ ಬ್ಯಾಲೆನ್ಸ್ ಮಾಡೇನಿ. ಬಿದ್ದಿದ್ದೂ ಆಗೇತಿ."

ನಂದಕ್ಕ ತನ್ನ ಫೋನು ತೆರೆದು ನೋಡಿದಳು. ಸಪ್ನಾಳ ಹೆಸರು ಪಟ್ಟಿಯಲ್ಲೇ ಇರಲಿಲ್ಲ. ಹಿಂದಿನ ಸಂಜೆ ಕೋರ್ಸು ರದ್ದಾಗಿತ್ತು. ರದ್ದು ಮಾಡಿದ ನಂಬರು ಅಣ್ಣನದು. ಇದು ನಂದಕ್ಕನಿಗೆ ಹೊಸದಲ್ಲ. ಹೋದ ವರ್ಷ ನಿಡೋಣಿಯ ಸೊಸೆಯೊಬ್ಬಳು ಚೆಂದ ಕಲಿಯುತ್ತಿದ್ದಾಗ ಮಾವ ಫೋನು ಮಾಡಿ, "ನಮ್ಮ ಮನಿ ಹೆಣ್ಣಮಕ್ಕಳು ಗಾಡಿ ಹೊಡಿಯೋದು ಬ್ಯಾಡ" ಎಂದು ಇಟ್ಟುಬಿಟ್ಟಿದ್ದ. ಆಗ ಮಾವನಾದರೂ ಬಾಯಿ ಬಿಟ್ಟು ಹೇಳಿದ್ದ. ಇವನು ಬೆರಳಿನಿಂದಲೇ ಮುಗಿಸಿದ್ದಾನೆ! ಫೋನು ಹಚ್ಚಿದಳು. ಎತ್ತಲಿಲ್ಲ. ಮತ್ತೆ ಹಚ್ಚಿದಳು. ಅವತ್ತಿನ ಪಾಠವಿಡೀ ಬೈಗುಳಕ್ಕೆ ಎಂದಿನ ತಮಾಷೆ ಇರಲಿಲ್ಲ.

ಮರುದಿನ ಸಪ್ನಾ ಎಂದಿನಂತೆ ಬಸ್ಸಿಳಿದು ಓಡುತ್ತ ಬಂದಳು. ತನ್ನ ಗಾಡಿಯ ಮೇಲೆ ಬೇರೆ ಯಾರೋ ಕುಳಿತದ್ದನ್ನು ಕಂಡು ನಿಂತಳು.

"ನಿನ್ನ ಕೋರ್ಸ್ ರದ್ದಾಗೇತಿ, ಸಪ್ನಾ."

"ನಾ ಎಲ್ಲಿ ರದ್ದ ಮಾಡೇನ್ರಿ ಅಕ್ಕಾರ? ನಿನ್ನಿ ಒಂದ ದಿನ ದ್ರಾಕ್ಷಿ ಪಡದಾಗ ಕೆಲಸ ಇತ್ರಿ. ಅವರಿಗೆ ನಾ ಹೇಳೇನಿ ಅಂತ ಅಣ್ಣ ಅಂದಿದ್ನಲ್ರಿ."

"ಹೇಳ್ಯಾನ, ಹೇಳ್ಯಾನ! ನಮ್ಮ ತಂಗಿಗೆ ಕೋರ್ಸೇ ಬ್ಯಾಡಂತ ಹೇಳ್ಯಾನ!"

ಸಪ್ನಾ ಅಳಲಿಲ್ಲ. ಲೇಔಟಿನ ಅಂಚಿಗೆ ಹೋಗಿ ಗಡಿಕಲ್ಲಿನ ಮೇಲೆ ಕುಳಿತಳು. ಮಡಿಲಲ್ಲಿ ಊಟದ ಡಬ್ಬಿ. ಪಾಠ ಮುಗಿಯುವ ತನಕ ಉಳಿದವರು ಸುತ್ತು ಹೊಡೆಯುವುದನ್ನು ನೋಡುತ್ತ ಅಲ್ಲೇ ಇದ್ದಳು. ಪ್ರತಿ ಸುತ್ತಿನಲ್ಲೂ ನಂದಕ್ಕನ ಕಣ್ಣಿಗೆ ಆ ಕಲ್ಲು, ಆ ಹುಡುಗಿ. ಕಲ್ಲು ಮೆಟ್ಟಿಲಾಗಿ ಕಾಣತೊಡಗಿತು. ಕಡೆಯ ಗಾಡಿ ನಿಂತ ಕೂಡಲೇ ಬಂದು ಹೇಳಿದಳು, "ಹತ್ತು ಹಿಂದ. ನಿಮ್ಮೂರಿಗೆ ನಡಿ."

ತಿಕೋಟಾ ದಾಟುವವರೆಗೂ ನಂದಕ್ಕ ರಸ್ತೆಯೊಂದಿಗೆ ಜಗಳವಾಡಿದಳು. ಲಾರಿಯವನನ್ನು ಬೈದಳು, ಹಂಪುಗಳನ್ನು ಬೈದಳು, ಅಡ್ಡ ಬಂದ ಕುರಿಹಿಂಡನ್ನು ಬೈದಳು. ಎರಡೂ ಬದಿಗೆ ದ್ರಾಕ್ಷಿ ಪಡಗಳು ಹಸಿರು ಚಪ್ಪರದಂತೆ ಹರಡಿದ್ದವು. ದ್ರಾಕ್ಷಿ ಒಣಗಿಸುವ ಶೆಡ್ಡುಗಳು ಇನ್ನೂ ಖಾಲಿ ನಿಂತು ಸುಗ್ಗಿಗೆ ಕಾಯುತ್ತಿದ್ದವು.

"ಅಕ್ಕಾರ, ನಮ್ಮಣ್ಣ ಹಂಗ ಮಾಡೋ ಮನಶ್ಯಾ ಅಲ್ರಿ."

"ಮಾಡ್ಯಾನಲ್ಲ! ಮಾಡಿದ ಮ್ಯಾಲೂ ಮಾಡೋ ಮನಶ್ಯಾ ಅಲ್ಲಂದ್ರ ಹೆಂಗ?"

ಆ ಮಾತು ಸಪ್ನಾಳ ಒಳಗೂ ಇಳಿದಿತ್ತು ಎಂಬುದು ಹೆಗಲ ಮೇಲಿದ್ದ ಕೈ ಹಿಂದೆ ಸರಿದದ್ದರಿಂದ ನಂದಕ್ಕನಿಗೆ ತಿಳಿಯಿತು. ಅದಕ್ಕೂ ಸಿಟ್ಟು ಬಂತು.

ಬಿಜ್ಜರಗಿಯ ಹೊರಗೆ ಒಂದು ಪಡದಲ್ಲಿ ಕೂಲಿಯವರ ಟೋಳಿ ಕೆಲಸದಲ್ಲಿತ್ತು. ಎಳೆಯ ಗೊನೆಗಳನ್ನು ಒಂದೊಂದಾಗಿ ಔಷಧದ ನೀರಿನಲ್ಲಿ ಅದ್ದುವ ಕೆಲಸ. ಟೋಳಿಯ ಮುಕಾದಮ ರಾಜಾರಾಮನೇ. ಕೂಲಿಯವರನ್ನು ಕೂಡಿಸಿ, ಕೆಲಸ ಹಂಚಿ, ತಾನೂ ಅವರ ಜೊತೆ ದುಡಿಯುವವನು. ನಂದಕ್ಕ ಬದುವಿನ ಮೇಲೆ ಗಾಡಿ ನಿಲ್ಲಿಸಿ ಅಲ್ಲಿಂದಲೇ ಕೂಗಿದಳು.

"ಯಾರು ಅಂವ ರಾಜಾರಾಮ? ಹೊರಗ ಬಾ!"

ಚಪ್ಪರದಡಿಯಿಂದ ಬಗ್ಗಿಕೊಂಡು ಒಬ್ಬ ಹೊರಬಂದ. ಕೈಯಲ್ಲಿ ಔಷಧದ ಮಗ್ಗು, ಮುಖದಲ್ಲಿ ಗಾಬರಿ. "ನಾನ್ರಿ. ಯಾಕ್ರಿ ಅಕ್ಕಾರ?"

"ತಂಗಿ ಜಾಗಾ ಕಳದು ಇಲ್ಲಿ ದ್ರಾಕ್ಷಿ ಗೊನಿಗೆ ಜಳಕಾ ಮಾಡಸಾಕತ್ತಿಯೇನು? ಆಕಿ ಗಾಡಿ ಕಲತು ನಾಕ ಊರ ತಿರಗಿದ್ರ ನಿನ್ನ ಮೀಸಿ ಉದರತಾವೇನು? ಬ್ಯಾಡಂದ್ರ ಬಾಯಿಲೆ ಹೇಳಬೇಕು. ಕಳ್ಳನಂಗ ಬೆರಳಲೆ ಒತ್ತೋದಲ್ಲ!"

ಟೋಳಿಯ ಹೆಂಗಸರು ಕಿಸಕ್ಕೆಂದರು. ಅವರೊಳಗಿಂದ ರಾಜಾರಾಮನ ತಾಯಿ ಪರಸವ್ವ ನೀರಿನ ತಂಬಿಗೆ ಹಿಡಿದು ಬಂದಳು.

"ಯವ್ವಾ, ಮೊದಲ ನೀರ ಕುಡಿ. ಒಣಾ ಗಂಟಲಾಗ ಬೈದ್ರ ಕೆಮ್ಮ ಬರತೈತಿ. ಕುಡದು, ಆಮ್ಯಾಲ ಬೈ. ಅಂವ ಎಲ್ಲೂ ಓಡಿ ಹೋಗಂಗಿಲ್ಲ."

ನಂದಕ್ಕ ಕುಡಿದಳು. ಕುಡಿಯುವಷ್ಟು ಹೊತ್ತು ರಾಜಾರಾಮನಿಗೆ ಮಾತಾಡಲು ಸಿಕ್ಕಿತು.

"ಮೊನ್ನಿ ಸಂಜೀಕ ನಮ್ಮ ಭಾಗಪ್ಪನ ಹೆಂಡತಿಗೆ ಜ್ವರ ಬಂದುವ್ರಿ. ಟೋಳ್ಯಾಗ ಒಂದ ಕೈ ಕಡಿಮಿ ಬಿತ್ತು. ಗೊನಿ ಅದ್ದೂದು ಇವತ್ತಂದ್ರ ಇವತ್ತ ಆಗಬೇಕು, ನಾಳಿಗೆ ತಡಿಯಂಗಿಲ್ಲ. ಒಂದ ದಿನ ಬಾರವ್ವಾ ಅಂತ ಸಪ್ನಾಗ ಅಂದೆ. ಅಷ್ಟರಾಗ ನಿಮ್ಮ ಮೆಸೇಜ ಬಂತು. ಬರಾಕ ಆಗದಿದ್ರ ಇಲ್ಲಿ ಒತ್ರಿ ಅಂತ ಇತ್ತು. ಒತ್ತಿದೆ."

"ಯಾಕ ಒತ್ತಿದಿ?"

ರಾಜಾರಾಮನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಹೇಳದ ಕೇಳದ ಉಳಿಯೋದು ತಪ್ಪಲ್ರಿ?"

"ಒತ್ತಿದ ಮ್ಯಾಲ ಮತ್ತೇನೂ ಕೇಳಲಿಲ್ಲ ಅದು?"

"ಕೇಳ್ತು. ಖಚಿತಾನಾ ಅಂತು. ಬರಂಗಿಲ್ಲ ಅನ್ನೋದು ಖಚಿತ ಇತ್ತಲ್ರಿ. ಹೂಂ ಅಂತ ಒತ್ತಿದೆ. ಸುಳ್ಳ ಹೇಳಾಕ ಬರತೈತೇನು?"

ಉಳಿದುದನ್ನು ಪರಸವ್ವ ಹೇಳಿದಳು. ಟೋಳಿಯಲ್ಲಿ ನಾಳೆ ಬರಲಾಗದವರು ಹಿಂದಿನ ಸಂಜೆಯೇ ಮುಕಾದಮನಿಗೆ ಹೇಳಿ ಕಳಿಸಬೇಕು. ಅವನು ಆ ದಿನಕ್ಕೆ ಬದಲಿ ಆಳು ಹುಡುಕುತ್ತಾನೆ. ಮರುದಿನ ಹಳಬಳು ಬಂದರೆ ಬದಲಿ ಬಂದವಳು ಯಾರೂ ಹೇಳದೆಯೇ ಜಾಗ ಬಿಟ್ಟು ಏಳುತ್ತಾಳೆ. ಹೇಳಿ ಉಳಿದವಳ ಜಾಗ ಯಾವತ್ತೂ ಹೋಗುವುದಿಲ್ಲ. ಹೇಳದೆ ಉಳಿದವಳದು ಹೋಗುತ್ತದೆ. "ನನ್ನ ಅತ್ತಿ ಕಾಲದಿಂದ ಹಿಂಗ ಐತಿ. ನೀವ ಒತ್ತಿ ಹೇಳ್ರಿ ಅಂದ್ರಿ, ನನ್ನ ಮಗಾ ಒತ್ತಿ ಹೇಳ್ಯಾನ. ಅಂಥ ಮಾತ ಯಾವ ಪುಣ್ಯಾತ್ಮ ಬರದಾನ ಮತ್ತ?"

ಆ ಪುಣ್ಯಾತ್ಮಳು ಖಾಲಿ ತಂಬಿಗೆ ಹಿಡಿದು ನಿಂತಿದ್ದಳು. ಸಿಟ್ಟು ಬಂದ ದಾರಿಯಲ್ಲೇ ತಿರುಗಿ ತನ್ನ ಮನೆಗೇ ಬರುತ್ತಿರುವುದು ಅವಳಿಗೆ ಕಾಣುತ್ತಿತ್ತು. ಬಾಗಿಲು ಹಾಕಿಕೊಳ್ಳಲು ಸಮಯವಿರಲಿಲ್ಲ.

"ನಾನ ಬರಸೇನಿ," ಎಂದಳು. ಅದನ್ನೂ ಸಿಟ್ಟಿನಲ್ಲೇ ಹೇಳಿದಳು. "ಬೈಯ್ರಿ ಈಗ ನನಗ."

ಪರಸವ್ವ ನಕ್ಕುಬಿಟ್ಟಳು. "ನಿನ್ನಷ್ಟ ಛಂದ ಬೈಯಾಕ ನನಗ ಬರಂಗಿಲ್ಲವ್ವಾ."

ರಾಜಾರಾಮನಿಗೆ ಮಾತ್ರ ದಾರಿ ಸ್ಪಷ್ಟವಿತ್ತು. "ಹಂಗಾರ ಆ ಬದಲಿ ಬಂದವರಿಗೆ ಹೇಳ್ರಿ, ನಮ್ಮ ಹುಡಿಗಿ ಬಂದಾಳಂತ. ಅವರು ಬಿಡತಾರ." ಸಪ್ನಾ ಅಣ್ಣನ ಕಡೆ ನೋಡಿದಳು. ದಾರಿಯಲ್ಲಿ ಅವನನ್ನು ಅರೆಕ್ಷಣ ಅನುಮಾನಿಸಿದ್ದಕ್ಕೋ ಏನೋ, ಹೋಗಿ ಅವನ ಕೈಯಿಂದ ಮಗ್ಗು ಇಸಿದುಕೊಂಡು ಅವನ ಸಾಲಿನ ಕೆಲಸಕ್ಕೆ ನಿಂತಳು.

ನಂದಕ್ಕ ಒಬ್ಬಳೇ ತಿಕೋಟಾದ ಗುರುಸಿದ್ದವ್ವನ ಮನೆಗೆ ಬಂದಳು. ಒಣದ್ರಾಕ್ಷಿ ವ್ಯಾಪಾರದ ದೊಡ್ಡ ಮನೆ, ಅಂಗಳದಲ್ಲಿ ಕಾರುಗಳು. ಗುರುಸಿದ್ದವ್ವ ಬಾಗಿಲ ಕಟ್ಟೆಯ ಮೇಲೆ, ಬಿಳಿಯ ಬೂಟು ಬಿಚ್ಚದೆ ಕುಳಿತಿದ್ದಳು. ಎಲ್ಲವನ್ನೂ ಕೇಳಿದಳು. ಕೇಳಿ, ತಲೆ ಅಲ್ಲಾಡಿಸಿದಳು.

"ಬದಲಿ ಅಂತ ಯಾರ ಹೇಳ್ಯಾರ? ಜಾಗಾ ಸಿಕ್ಕೈತಿ ಅಂತ ಬರದೈತಿ. ಎರಡ ಬ್ಯಾಚಿನಿಂದ ಕಾಯಾಕತ್ತೇನಿ. ನಾ ಬಿಡಂಗಿಲ್ಲ."

"ಆ ಹುಡಿಗಿ ನೌಕರಿ ಹೋಗತೈತಿ ಅವ್ವಾರ. ನಿಮಗೇನ್ರಿ, ಅಂಗಳದಾಗ ಕಾರ ಅದಾವು."

"ಕಾರ ಅದಾವು. ಹೊಡಿಯವರು ಎಲ್ಲೆದಾರ? ಊರ ಹೊರಗ ನಮ್ಮ ತ್ವಾಟ ಐತಿ, ಬಳ್ಳಿ ನಾ ಹಚ್ಚಿದ್ದು. ನೋಡಿ ಬರಬೇಕಂದ್ರ ಹಿರೇ ಮಗಾ 'ತಡಿಯವ್ವಾ' ಅಂತಾನ, ಸಣ್ಣಾಂವ 'ನಿಂದರವ್ವಾ' ಅಂತಾನ. ಮುಂಜಾನಿ ಸೀರಿ ಉಟ್ಟು ಈ ಕಟ್ಟಿ ಮ್ಯಾಲ ಕುಂತರ, ಯಾರರೆ ಬಿಡುವಾಗೋದ್ರಾಗ ಬಿಸಲ ಏರಿರತೈತಿ. ಹಾದ್ಯಾಗ ಹೋಗವರು ಕೇಳತಾರ, ಯಾರಿಗೆ ಕಾಯಾಕತ್ತೀರಿ ಅಂತ. ಏನ ಹೇಳಲಿ?"

ನಂದಕ್ಕ ತಂದಿದ್ದ ಮಾತೆಲ್ಲ ಆ ಕಟ್ಟೆಯ ಕೆಳಗೆ ಬಿದ್ದುಹೋಯಿತು.

"ನಾಳಿ ತಡಾ ಮಾಡಬ್ಯಾಡ್ರಿ," ಎಂದಷ್ಟೇ ಗುಡುಗಿ ಗಾಡಿ ತಿರುಗಿಸಿದಳು.

ಈಗ ಸಿಟ್ಟಿಗೆ ಹೋಗಲು ಊರೇ ಇರಲಿಲ್ಲ. ಅಣ್ಣನ ತಪ್ಪಿಲ್ಲ, ಮುದುಕಿಯ ತಪ್ಪಿಲ್ಲ, ಹುಡುಗಿಯ ತಪ್ಪಂತೂ ಇಲ್ಲವೇ ಇಲ್ಲ. ಮನೆಗೆ ಬಂದು ನೇತ್ರಾಳಿಂದ ಸಾಫ್ಟ್‌ವೇರಿನವರಿಗೆ ಬರೆಸಿದಳು: ಒಂದು ದಿನ ಬರುವುದಿಲ್ಲ ಎಂದವರ ಇಡೀ ಕೋರ್ಸನ್ನು ಕಿತ್ತುಕೊಳ್ಳುವುದು ಯಾವ ನ್ಯಾಯ? ಉತ್ತರ ಕೂಡಲೇ ಬಂತು, ಬಲು ಮರ್ಯಾದೆಯಿಂದ. 'ನಿಮ್ಮ ಕೋರ್ಸ್ ನೀವು ಹೊಂದಿಸಿದಂತೆಯೇ ಕೆಲಸ ಮಾಡುತ್ತಿದೆ.'

"ನೋಡ ಇದನ್ನ! ತಿರುಗಿ ಬೈಯೂದೂ ಇಲ್ಲ. ತಿರುಗಿ ಬೈದಿದ್ರರೆ ಸಮಾಧಾನ ಆಕ್ಕಿತ್ತು!"

ನೇತ್ರಾ ಮೆಲ್ಲಗೆ ಹೇಳಿದಳು, "ಅವ್ವಾ, ಹತ್ತು ಅಂತಿದ್ದನ್ನ ಹನ್ನೊಂದು ಮಾಡಿದ್ರ ಸಪ್ನಾ ಮತ್ತ ಒಳಗ ಬರತಾಳ. ಒಂದ ಅಂಕಿ ಬದಲ ಮಾಡೋದು."

"ಅಂಕಿ ಬದಲ ಮಾಡಾಕ ನಿನ್ನ ಬೆರಳ ಸಾಕು. ಗಾಡಿ ಎಲ್ಲಿಂದ ತರಲಿ? ಮತ್ತ ಆ ಕಲ್ಲಿನ ಮ್ಯಾಲ ಕುಂದರಸಲೇನು?" ಹಾಗೆನ್ನುತ್ತ ಕೀಲಿಯನ್ನು ಮೇಜಿನ ಮೇಲೆ ಎಸೆದಳು. ಅದು ಜಾರಿ ಹೋಗಿ ಅಂಚಿನಲ್ಲಿ ನಿಂತಿತು. ನಂದಕ್ಕ ಅದನ್ನೇ ನೋಡುತ್ತ ನಿಂತಳು. ಆರನೆಯ ಗಾಡಿಯ ಕೀಲಿ; ಅವಳದೇ.

"ಮಾಡು ಹನ್ನೊಂದು," ಎಂದಳು.

ಅಂಕಿಯ ಜೊತೆ ಉಳಿದದ್ದನ್ನೂ ಬದಲಿಸಿದರು. ಖಾಲಿಯಾದ ಜಾಗವನ್ನು ತಾನೇ ತುಂಬುವ ಅಧಿಕಾರವನ್ನು ಮಷಿನ್ನಿನಿಂದ ಕಿತ್ತುಕೊಂಡರು. ಒತ್ತುವ ಕೊಂಡಿಯನ್ನು ತೆಗೆದರು. ಸಂದೇಶವನ್ನು ನಂದಕ್ಕ ಹೊಸದಾಗಿ ಹೇಳಿ ಬರೆಸಿದಳು. 'ನಾಳೆ ಮುಂಜಾನೆ ನಿಮ್ಮ ಸ್ಕೂಟಿ ಕ್ಲಾಸ್ ಇದೆ. ಒಂದು ದಿನ ಬರಲು ಆಗದಿದ್ದರೆ ನಂದಕ್ಕನಿಗೆ ಫೋನ್ ಮಾಡಿ ಬೈಸಿಕೊಳ್ಳಿ. ನಿಮ್ಮ ಜಾಗ ನಿಮ್ಮದೇ.'

ಆ ಸಂದೇಶ ರಾಜಾರಾಮನ ಫೋನಿಗೂ ಹೋಯಿತು. ಮರುದಿನ ಬಯಲಿನಲ್ಲಿ ಸಪ್ನಾಳ ಅಂಗೈಗೆ ಕೀಲಿ ಬಿತ್ತು.

"ಇದು ನಿಮ್ಮ ಗಾಡಿ ಅಲ್ರಿ? ನೀವು?"

"ನನಗ ಕಾಲದಾವು. ಹೊಡಿ."

ಆವತ್ತಿನಿಂದ ನಂದಕ್ಕ ಓಡಿದಳು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಒಡೆದು ಕೂಡಿದ ಹಳೆಯ ಮೊಣಕಾಲಿನ ಮೇಲೆ, ಆ ಚೌಕ ಹಾದಿಗಳಲ್ಲಿ ಒಂದು ಗಾಡಿಯ ಬೆನ್ನಿಂದ ಇನ್ನೊಂದರ ಬೆನ್ನಿಗೆ. ಏದುಸಿರಿನಿಂದ ಬೈಗುಳಗಳು ತುಂಡಾದವು. "ಬ್ರೇಕ್... ಲೇ... ಬ್ರೇಕ್!" ಎಂಬಷ್ಟಕ್ಕೆ ಇಳಿದವು. ಗುರುಸಿದ್ದವ್ವ ಪಕ್ಕದಲ್ಲಿ ಸಾಗುತ್ತ, "ಹತ್ತತೀಯೇನ ತಂಗಿ ಹಿಂದ? ಬಿಡತೀನಿ" ಎಂದಳು. ಇಡೀ ಬ್ಯಾಚು ನಕ್ಕಿತು. "ನೀವ ಮೊದಲ ಗಾಡಿ ನೆಟ್ಟಗ ಹಿಡೀರಿ!" ಎಂದು ನಂದಕ್ಕ ಅರಚಿದಳು. ಮನೆಯಲ್ಲಿ ಸಿದ್ದಲಿಂಗೇಶ ಬಿಸಿ ನೀರಿನ ಚೀಲವನ್ನು ಹೆಂಡತಿಯ ಮೊಣಕಾಲಿಗಿಟ್ಟು, "ನಾ ಬಿಟ್ಟು ಬರಲೇನು ನಾಳಿ?" ಎಂದು ಕೇಳಿ, ಸಿಕ್ಕ ನೋಟಕ್ಕೆ ಚೀಲದ ನೀರು ಬದಲಿಸಲು ಎದ್ದುಹೋದ.

ಎರಡನೆಯ ವಾರ ಒಂದು ಬೆಳಗ್ಗೆ ಫೋನು ಬಂತು. "ಅಕ್ಕಾರ, ನಾ ರಾಜಾರಾಮ. ಬೈಸಿಕೊಳ್ಳಾಕ ಫೋನ ಮಾಡೇನ್ರಿ. ಬಸ್ ಕೆಟ್ಟ ನಿಂತೈತಿ, ಸಪ್ನಾ ಸ್ವಲ್ಪ ತಡಾ ಬರತಾಳ. ಜಾಗಾ..."

"ಜಾಗಾ ಎಲ್ಲಿ ಹೋಗತೈತಿ? ಅದನ್ನ ಕೇಳಾಕ ಫೋನ ಮಾಡ್ತಾರೇನು, ಶಾಣ್ಯಾ ಅಂತ ತಿಳಕೊಂಡಿದ್ದೆ ನಿನ್ನ!"

"ಸಾಕ್ರಿ ಅಕ್ಕಾರ, ಇವತ್ತಿಗೆ ಇಷ್ಟ ಸಾಕು," ಎಂದು ರಾಜಾರಾಮ ತೃಪ್ತಿಯಿಂದ ಇಟ್ಟ.

ಕಡೆಯ ದಿನ. ದೊಡ್ಡ ರಸ್ತೆ. ಹತ್ತು ಮಂದಿ ಹೋಗಿ ತಿರುಗಿ ಬಂದರು. ಗುರುಸಿದ್ದವ್ವ ಬಂದವಳು ಇಳಿಯಲೇ ಒಪ್ಪಲಿಲ್ಲ. ಕೊನೆಗೆ ಸಪ್ನಾ ಹೊರಟಳು. ಮೂರು ದಿನ ಕಳೆದರೆ ಲ್ಯಾಬಿನವರ ಮುಂದೆ ಹೀಗೆಯೇ ಹೊರಡಬೇಕು. ನಂದಕ್ಕ ಲೇಔಟಿನ ಬಾಯಿಯವರೆಗೆ ಅವಳ ಹಿಂದೆ ಓಡಿದಳು. ಅಥಣಿ ರಸ್ತೆಯ ಅಂಚಿಗೆ ಬಂದಾಗ ಮೊಣಕಾಲು ಸಾಕೆಂದಿತು. ಅಲ್ಲಿಯೇ, ಗಡಿಕಲ್ಲಿಗೆ ಕೈಯೂರಿ ನಿಂತಳು.

ಎದುರಿನಿಂದ ಲಾರಿಯೊಂದು ಬರುತ್ತಿತ್ತು. ಸಪ್ನಾ ನಿಂತಳು. ಲಾರಿ ಹೋಗಲು ಬಿಟ್ಟಳು. ಎಡಕ್ಕೆ ನೋಡಿ, ಬಲಕ್ಕೆ ನೋಡಿ ರಸ್ತೆಗಿಳಿದು, ಹೋಗುತ್ತ ಹೋಗುತ್ತ ಚಿಕ್ಕದಾದಳು. ನಂದಕ್ಕನಿಗೆ ಬೈಯಲು ಏನೂ ಸಿಗಲಿಲ್ಲ. ಆ ಹುಡುಗಿಯ ಕಿವಿಗೆ ಈಗ ಗಾಳಿಯ ಸದ್ದು ಮಾತ್ರ ಬೀಳುತ್ತಿರಬೇಕು. ಪಕ್ಕದಲ್ಲಿ ಯಾರೂ ಇಲ್ಲ.

ದೂರದಲ್ಲಿ, ತಿರುಗುವ ಜಾಗ ಬಂತು. ಗಾಡಿ ನಿಧಾನವಾಯಿತು, ಇಂಡಿಕೇಟರ್ ಮಿನುಗಲಿಲ್ಲ.

"ಇಂಡಿಕೇಟರ್ ಯಾರ ನಿಮ್ಮಪ್ಪ ಹಾಕತಾನೇನ ಲೇ!" ನಂದಕ್ಕ ಎದೆ ತುಂಬ ಉಸಿರೆಳೆದು ಕೂಗಿದಳು.

ಅಷ್ಟು ದೂರಕ್ಕೆ ಅದು ಕೇಳಿಸುವುದು ಸಾಧ್ಯವಿರಲಿಲ್ಲ. ಆದರೂ ಹಳದಿ ದೀಪ ಮಿನುಗಿತು, ಗಾಡಿ ಅಗಲವಾಗಿ ತಿರುಗಿತು, ಮತ್ತು ಸಪ್ನಾ ಬೈಸಿಕೊಳ್ಳಲು ಬರತೊಡಗಿದಳು.